ಬ್ಯಾಚ್ ಸಂಖ್ಯೆಯ ಸೊನ್ನೆ, ಕಂಟೇನರಿನ ಸೀಲು

ಹಾಲಿನ ಪುಡಿಯ ರಫ್ತಿಗೆ ಬೇಕಾದ ಆರೋಗ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ನನ್ನ ಕೆಲಸ. ಹಲವು ವರ್ಷ ಕಾಗದದಲ್ಲೇ ಬರೆದೆ. ಆನ್‌ಲೈನ್ ಅರ್ಜಿ ಬಂದಾಗ ಹೊರೆ ಇಳಿಯಿತು ಎಂದುಕೊಂಡೆ. ಮೊದಲ ತಿಂಗಳು ನನ್ನ ಅರ್ಜಿಗಳು ಒಂದರ ಹಿಂದೊಂದು ವಾಪಸು ಬಂದವು.

ಏಕೆಂದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಕಾಗದದ ಕಾಲದಲ್ಲಿ ನನ್ನ ತಪ್ಪುಗಳನ್ನು ಕೌಂಟರಿನ ಆಚೆ ಕುಳಿತ ಗುಮಾಸ್ತರು ಸದ್ದಿಲ್ಲದೆ ತಿದ್ದುತ್ತಿದ್ದರು. ‘ಲಗತ್ತಿಸಿದ ಪಟ್ಟಿಯಂತೆ’ ಎಂದು ಗೀಚಿ ಬ್ಯಾಚ್‌ಗಳ ವಿವರವನ್ನು ಹಿಂದೆ ಪಿನ್ ಮಾಡಿದರೆ ನಡೆಯುತ್ತಿತ್ತು. ಈಗ ಪ್ರತಿ ಬ್ಯಾಚಿಗೂ ಒಂದು ಸಾಲು: ಸಂಖ್ಯೆ, ತಯಾರಾದ ದಿನ, ಚೀಲಗಳ ಲೆಕ್ಕ, ನಿವ್ವಳ ತೂಕ. 25 ಕೆ.ಜಿ.ಯ 1,000 ಚೀಲಕ್ಕೆ 25,000 ಕೆ.ಜಿ. ಬರಬೇಕು. 24,975 ಬಂದರೆ ಯಾವುದೋ ಸಾಲಿನಲ್ಲಿ ಒಂದು ಚೀಲ ಬಿಟ್ಟುಹೋಗಿದೆ ಎಂದೇ ಅರ್ಥ.

ಕೈಯಲ್ಲಿ ತುಂಬಿ ಸಾಕಾಗಿ ಎಕ್ಸೆಲ್ ಹಾಳೆಯಿಂದ ಏರಿಸತೊಡಗಿದೆ. ಆಗ ಹೊಸ ಪೀಡೆ ಶುರುವಾಯಿತು. 0417 ಎಂಬ ಬ್ಯಾಚ್ 417 ಆಯಿತು. ಕೊಬ್ಬು ಶೇ 1.5 ಮೀರದ ಹಾಲಿನ ಪುಡಿಯ ಎಚ್‌ಎಸ್ ಕೋಡ್ (ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) 040210 ಕೂಡ ತಲೆಯ ಸೊನ್ನೆ ಕಳೆದುಕೊಂಡು 40210 ಆಗಿ ನಿಂತಿತು. ನನ್ನ ಕಣ್ಣಿಗೆ ಅದು ಸರಕಿನ ಹೆಸರು, ಎಕ್ಸೆಲ್ಲಿನ ಕಣ್ಣಿಗೆ ಬರೀ ಅಂಕಿ. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಬದಲಾಯಿಸಬೇಕು. ಆಮೇಲೆ ಬದಲಾಯಿಸಿದರೆ ಹೋದ ಸೊನ್ನೆ ಹೋದದ್ದೇ. 03/04 ಎಂದು ಬರೆದ ದಿನಾಂಕ ಒಬ್ಬರಿಗೆ ಮಾರ್ಚ್, ಇನ್ನೊಬ್ಬರಿಗೆ ಏಪ್ರಿಲ್. ನನ್ನ ಹಾಳೆಯಲ್ಲಿ ಈಗ ತಿಂಗಳು ಅಕ್ಷರದಲ್ಲೇ ಇರುತ್ತದೆ.

ಶಾಖ ಸಂಸ್ಕರಣೆಯ ಭಾಗವನ್ನು ಮಾತ್ರ ನಾನು ಮುಟ್ಟುವುದಿಲ್ಲ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿದ ಹಾಲೋ, ಇನ್ನೂ ಹೆಚ್ಚಿನ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸುವ ಯುಎಚ್‌ಟಿಯೋ ಎಂಬುದನ್ನು ಘಟಕದ ದಾಖಲೆ ನೋಡಿ ಗುಣಮಟ್ಟ ವಿಭಾಗದವರೇ ಆರಿಸಬೇಕು.

ನಾನು ಮರೆಯಲಾಗದ ಪೆಟ್ಟು ತಿಂದದ್ದು ಸೀಲಿನಿಂದ. ಕಂಟೇನರ್ ಸಂಖ್ಯೆಯಲ್ಲಿ ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬಂದದ್ದು. ಕಂಟೇನರಿನ ಮೇಲೆ ಅದನ್ನು ಚೌಕದೊಳಗೆ ಬರೆದಿರುತ್ತಾರೆ. ಒಂದು ಅಂಕಿ ತಪ್ಪಿದರೂ ಸಾಮಾನ್ಯವಾಗಿ ಲೆಕ್ಕ ಕೂಡುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಹೀಗೆ ಒಮ್ಮೆ ಉಳಿದುಕೊಂಡವನು, ಎಲ್ಲವನ್ನೂ ಯಂತ್ರ ನೋಡಿಕೊಳ್ಳುತ್ತದೆ ಎಂದು ನಂಬಿಬಿಟ್ಟೆ. ಸೀಲ್ ಸಂಖ್ಯೆಗೆ ಅಂಥ ಕಾವಲು ಇರಲಿಲ್ಲ. ಫೋನಿನಲ್ಲಿ ಕೇಳಿ ಬರೆದುಕೊಂಡ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾಗಿದ್ದವು. ಅರ್ಜಿ ಸರಾಗವಾಗಿ ಪಾಸಾಯಿತು, ಪ್ರಮಾಣಪತ್ರವೂ ಬಂತು. ಸರಕು ಆಚೆ ಬಂದರಿನಲ್ಲಿ ಸಿಕ್ಕಿಬಿತ್ತು. ಬದಲಿ ಪ್ರಮಾಣಪತ್ರ ತಲುಪುವವರೆಗೆ ಬಂದರಿನ ಬಾಡಿಗೆ ನಮ್ಮ ಲೆಕ್ಕಕ್ಕೆ ಏರಿತು.

ಅಂದಿನಿಂದ ಬಾಗಿಲಿಗೆ ಸೀಲ್ ಹಾಕಿದ ಕೂಡಲೇ ಅದರ ಫೋಟೊ ನನ್ನ ಮೊಬೈಲಿಗೆ ಬರಬೇಕು. ಫೋಟೊ ಇಲ್ಲದಿದ್ದರೆ ಆ ಖಾನೆ ಖಾಲಿ, ಎಷ್ಟೇ ಅವಸರವಿರಲಿ.

ಕಾಗದ ಪೂರ್ತಿ ಹೋಗಿಲ್ಲ ಎಂಬುದು ಬೇರೆ ಮಾತು. ಶಾಯಿಯ ಸಹಿ, ಮೊಹರು ಇರುವ ಮೂಲಪ್ರತಿಯನ್ನೇ ಕೇಳುವ ದೇಶಗಳಿವೆ. ಅಲ್ಲಿಗೆ ಹೋಗುವ ಸರಕಿಗೆ ಅರ್ಜಿ ಪರದೆಯ ಮೇಲೆ ಮುಗಿದರೂ ಕೊರಿಯರ್ ಹುಡುಗನಿಗಾಗಿ ಕಾಯುವುದು ನನಗೆ ತಪ್ಪಿಲ್ಲ.