ಸಕ್ಕರೆ ಬಂದರೆ ಸಾಲದು, ಬೀಜ ಮಾಗಬೇಕು: ನಮ್ಮ ಮನೆಯ ಕೆಂಪು ವೈನ್

ವಿಜಯಪುರದ ಕಡೆ ದ್ರಾಕ್ಷಿ ಪಡ ಎಂದರೆ ಜನರಿಗೆ ಮೊದಲು ನೆನಪಾಗುವುದು ಒಣದ್ರಾಕ್ಷಿ. ನಮ್ಮ ತಂದೆಯೂ ಥಾಮ್ಸನ್ ಸೀಡ್‌ಲೆಸ್ ಬೆಳೆದು ಶೆಡ್ಡಿನಲ್ಲಿ ಒಣಗಿಸಿ ಮಾರುತ್ತಿದ್ದವರೇ. 2007ರಲ್ಲಿ ರಾಜ್ಯದ ವೈನ್ ನೀತಿ ಬಂದ ಮೇಲೆ ಈ ಭಾಗದ ರೈತರಲ್ಲಿ ವೈನ್ ದ್ರಾಕ್ಷಿಯ ಮಾತು ಶುರುವಾಯಿತು. ನಾವೂ ಒಂದಷ್ಟು ಜಮೀನಿನಲ್ಲಿ ಶಿರಾಜ್ ಮತ್ತು ಕ್ಯಾಬರ್ನೆ ಸುವಿನ್ಯೋ ಹಾಕಿದೆವು. ಈಗ ಪಡ ತಂದೆಯದು, ಪರೀಕ್ಷೆಯ ಕೋಣೆ ತಂಗಿಯದು, ಟ್ಯಾಂಕು ಮತ್ತು ಪೀಪಾಯಿ ನನ್ನ ಪಾಲು.

ನಮ್ಮ ಬಿಸಿಲಿನಲ್ಲಿ ಸಕ್ಕರೆ ಬರಿಸುವುದು ಕಷ್ಟವೇ ಅಲ್ಲ. ಫೆಬ್ರುವರಿ ಮುಗಿಯುವ ಹೊತ್ತಿಗೆ ಬ್ರಿಕ್ಸ್, ಅಂದರೆ ರಸದಲ್ಲಿನ ಸಕ್ಕರೆಯ ಅಳತೆ, ತಾನಾಗಿಯೇ 23 ದಾಟುತ್ತದೆ. ಆದರೆ ಅದೇ ದಿನ ಕಾಳನ್ನು ಬಾಯಿಗೆ ಹಾಕಿಕೊಂಡು ಬೀಜ ಕಚ್ಚಿದರೆ ಹಸಿ ಕಹಿ, ನಾಲಿಗೆ ಒಣಗಿಸುವ ಒಗರು. ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ಸಿಪ್ಪೆ ಮತ್ತು ಬೀಜದಿಂದ. ಶಿರಾಜ್ ಕಾಳನ್ನು ಹಿಂಡಿದರೆ ರಸಕ್ಕೆ ಹೇಳಿಕೊಳ್ಳುವಂಥ ಬಣ್ಣವೇ ಇರುವುದಿಲ್ಲ. ಹಾಗಾಗಿ ಸಕ್ಕರೆ ಓಡುವಾಗ ಬೀಜ ಹಿಂದೆ ಬೀಳದಂತೆ ನೋಡಿಕೊಳ್ಳುವುದೇ ನಮ್ಮ ಇಡೀ ಕೆಲಸ. ಉಳಿದದ್ದೆಲ್ಲ ಅದರ ಸುತ್ತಲಿನ ಏರ್ಪಾಡು.

ಅದು ಬೇರಿನಿಂದಲೇ ಶುರುವಾಗುತ್ತದೆ. ಒಣದ್ರಾಕ್ಷಿಯವರಿಗೆ ಪ್ರಿಯವಾದ ಡಾಗ್‌ರಿಡ್ಜ್ ಬೇರನ್ನು ಬಿಟ್ಟು ನಾವು 110ಆರ್ ಬೇರಿನ ಮೇಲೆ ಕಸಿ ಕಟ್ಟಿದೆವು. ಡಾಗ್‌ರಿಡ್ಜ್ ಬರ ತಡೆಯುತ್ತದೆ, ನಿಜ. ಆದರೆ ಬಳ್ಳಿ ವಿಪರೀತ ಸೊಕ್ಕುತ್ತದೆ, ಪೊಟ್ಯಾಶಿಯಂ ಹೆಚ್ಚು ಎಳೆದು ರಸದ ಪಿಎಚ್ ಏರಿಸುತ್ತದೆ, ಅಂದರೆ ಹುಳಿ ತಗ್ಗಿಸುತ್ತದೆ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಹೊಸ ಕಡ್ಡಿ ಕಟ್ಟಲು, ಸೆಪ್ಟೆಂಬರ್–ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಇದು ಈ ಭಾಗದ ದ್ರಾಕ್ಷಿಯವರೆಲ್ಲರಿಗೂ ಗೊತ್ತಿರುವ ಕ್ರಮ. ನಮ್ಮ ವ್ಯತ್ಯಾಸ ಬರುವುದು ಗೊಂಚಲು ಕಟ್ಟಿದ ಮೇಲೆ. ಕಾಳಿನ ಬಣ್ಣ ತಿರುಗುವ ಮುನ್ನ ತಂದೆ ಕತ್ತರಿ ಹಿಡಿದು ಸಾಲಿನೊಳಗೆ ಇಳಿಯುತ್ತಾರೆ, ಕಡ್ಡಿಗೆ ಒಂದೋ ಎರಡೋ ಗೊಂಚಲು ಬಿಟ್ಟು ಉಳಿದದ್ದನ್ನು ನೆಲಕ್ಕೆ ಹಾಕುತ್ತಾರೆ. ಎಕರೆಗೆ ಹತ್ತು ಟನ್ ತೆಗೆದು ರೂಢಿಯಿದ್ದವರಿಗೆ ಮೂರ್ನಾಲ್ಕು ಟನ್ನಿಗೆ ಇಳಿಸುವುದೆಂದರೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ. "ಕಾಯಿ ಚೆಲ್ಲುವುದಕ್ಕೂ ಕೂಲಿ ಕೊಡಬೇಕಲ್ಲಪ್ಪ" ಎಂದು ಅವರು ಮೊದಮೊದಲು ನೊಂದುಕೊಳ್ಳುತ್ತಿದ್ದರು. ಈಗ ನಾನು ಬಿಡೋಣ ಎಂದ ಗೊಂಚಲನ್ನೂ ಅವರೇ ಕತ್ತರಿಸುತ್ತಾರೆ.

ಎಲೆ ತೆಗೆಯುವುದರಲ್ಲಿ ನಾನು ಕಟ್ಟುನಿಟ್ಟು. ಫ್ರಾನ್ಸಿನ ಪುಸ್ತಕದ ಪಾಠವನ್ನು ಹಾಗೆಯೇ ಅನುಸರಿಸಿ ಗೊಂಚಲಿಗೆ ಬಿಸಿಲು ಬಿಟ್ಟರೆ ಇಲ್ಲಿ ಕಾಳು ಬೇಯುತ್ತದೆ. ಬೆಳಗಿನ ಬಿಸಿಲು ತಾಗುವ ಪೂರ್ವದ ಬದಿಯಲ್ಲಿ ಮಾತ್ರ ಎಲೆ ತೆಗೆಯುತ್ತೇವೆ, ಗಾಳಿ ಆಡಿ ಬೂದಿ ರೋಗ ದೂರವಿರುತ್ತದೆ. ಪಶ್ಚಿಮದ ಎಲೆ ಒಂದನ್ನೂ ಮುಟ್ಟುವುದಿಲ್ಲ.

ಕೊಯ್ಲಿನ ದಿನ ಗೊತ್ತುಮಾಡುವುದು ತಂಗಿಯ ಮೀಟರ್ ಒಂದೇ ಅಲ್ಲ. ದಿನವೂ ಬೆಳಗ್ಗೆ ಬೇರೆ ಬೇರೆ ಸಾಲುಗಳಿಂದ ಕಾಳು ತಂದು ಮೂವರೂ ಕೂತು ತಿನ್ನುತ್ತೇವೆ. ಮೊದಲು ತಿರುಳು ನುಂಗಿ, ಸಿಪ್ಪೆಯನ್ನು ಬೇರೆಯಾಗಿ ಜಗಿದು, ಬೀಜವನ್ನು ಅಂಗೈಗೆ ಉಗಿದು ನೋಡುತ್ತೇವೆ. ಹಸಿರು ಅಂಚು ಉಳಿದಿದ್ದರೆ ಕಾಯುತ್ತೇವೆ. ಪೂರ್ತಿ ಕಂದಾಗಿ, ಕಚ್ಚಿದರೆ ಹುರಿಗಡಲೆಯಂತೆ ಕರಕರ ಎಂದರೆ ಕೊಯ್ಲು. ಶಿರಾಜ್ ವಿಷಯದಲ್ಲಿ ಆ ಅವಕಾಶ ಕೆಲವೇ ದಿನಗಳದ್ದು, ತಡವಾದರೆ ಕಾಳು ಸುಕ್ಕುಗಟ್ಟುತ್ತದೆ. ಕೊಯ್ಯುವುದು ನಸುಕಿನಲ್ಲಿ, ತಲೆಗೆ ದೀಪ ಕಟ್ಟಿಕೊಂಡು; ಬಿಸಿಲೇರುವ ಮೊದಲು ಕ್ರೇಟುಗಳು ಒಳಗೆ ಬಂದಿರಬೇಕು. ಬಿಸಿ ಹಣ್ಣನ್ನು ತಂಪು ಮಾಡುವ ವಿದ್ಯುತ್ ಖರ್ಚಿಗಿಂತ ನಸುಕಿನ ಕೂಲಿ ಅಗ್ಗ.

ಬೀಜಕ್ಕಾಗಿ ಕಾದದ್ದಕ್ಕೆ ಬೆಲೆಯೂ ಇದೆ: ಅಷ್ಟರಲ್ಲಿ ಹುಳಿ ಇಳಿದಿರುತ್ತದೆ, ಪಿಎಚ್ 3.8ರ ಹತ್ತಿರ ನಿಂತಿರುತ್ತದೆ. ಆ ರಸ ಹಾಗೆಯೇ ಹುದುಗಿದರೆ ವೈನ್ ಚಪ್ಪೆ, ಸೂಕ್ಷ್ಮಜೀವಿಗಳ ಕಾಟವೂ ಹೆಚ್ಚು. ಅದಕ್ಕಾಗಿ ಹುದುಗುವ ಮೊದಲೇ ಟಾರ್ಟಾರಿಕ್ ಆಮ್ಲ ಸೇರಿಸುತ್ತೇವೆ. ಲೀಟರಿಗೆ ಒಂದು ಗ್ರಾಂ ಹಾಕಿದರೆ ಪಿಎಚ್ ಸುಮಾರು 0.1 ಇಳಿಯುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡುವವರಿದ್ದಾರೆ. ನನಗೆ ಅದರಲ್ಲಿ ಸಂಕೋಚವಿಲ್ಲ. ಅದು ದ್ರಾಕ್ಷಿಯಲ್ಲೇ ಇರುವ ಆಮ್ಲ, ಬಿಸಿ ನಾಡಿನ ವೈನ್ ಮನೆಗಳಲ್ಲಿ ಸಾಮಾನ್ಯ ಕ್ರಮ.

ತೊಟ್ಟು ಬಿಡಿಸಿದ ಹಣ್ಣು ಟ್ಯಾಂಕಿನಲ್ಲಿ ಹುದುಗತೊಡಗಿದ ಮೇಲೆ ಅನಿಲ ಸಿಪ್ಪೆಯನ್ನೆಲ್ಲ ಮೇಲಕ್ಕೆ ಎತ್ತಿ ದಪ್ಪ ಪದರ ಕಟ್ಟುತ್ತದೆ. ಅದು ಒಣಗಿದರೆ ಬಣ್ಣವೂ ಇಳಿಯುವುದಿಲ್ಲ, ವಿನೆಗರ್ ವಾಸನೆಯೂ ಹತ್ತುತ್ತದೆ. ಮೊದಲ ದಿನಗಳಲ್ಲಿ ಪಂಪಿನಿಂದ ರಸವನ್ನು ಪದರದ ಮೇಲೆ ಜೋರಾಗಿ ಸುರಿಯುತ್ತೇವೆ. ಆಲ್ಕೋಹಾಲ್ ಏರಿದಂತೆ ಅದನ್ನು ಕಡಿಮೆ ಮಾಡಿ ಕೈಯಿಂದಲೇ ಮೆಲ್ಲಗೆ ಅದುಮುತ್ತೇವೆ, ಏಕೆಂದರೆ ಬೀಜದ ಒಗರನ್ನು ಎಳೆಯುವುದು ಆಲ್ಕೋಹಾಲ್. ಉಷ್ಣತೆ 28 ಡಿಗ್ರಿ ದಾಟಗೊಡುವುದಿಲ್ಲ. ಹಳ್ಳಿಯ ವಿದ್ಯುತ್ತನ್ನು ನೆಚ್ಚಿಕೊಂಡು ಇದು ಆಗುವ ಕೆಲಸವಲ್ಲ, ಜನರೇಟರ್ ಬೇಕೇ ಬೇಕು. ಸಿಪ್ಪೆಯೊಂದಿಗೆ ಎಷ್ಟು ದಿನ ಬಿಡಬೇಕೆಂಬುದನ್ನೂ ರುಚಿಯೇ ಹೇಳುತ್ತದೆ. ಒಗರು ವಸಡಿನ ಹಿಂಬದಿಗೆ ಹತ್ತಿದ ದಿನ ಹಿಂಡುತ್ತೇವೆ. ತಾನಾಗಿ ಇಳಿದ ವೈನ್ ಬೇರೆ, ಹಿಂಡಿ ಬಂದದ್ದು ಬೇರೆ. ಎರಡನ್ನು ಬೆರೆಸುವ ಪ್ರಮಾಣ ತಿಂಗಳುಗಳ ನಂತರ ನಿರ್ಧಾರವಾಗುತ್ತದೆ.

ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಗಿ ಮೃದುವಾಗುವ ಎರಡನೇ ಹಂತಕ್ಕೆ ನಮ್ಮ ಬೇಸಿಗೆ ಅನುಕೂಲ, ಬೇಗ ಮುಗಿಯುತ್ತದೆ. ಬಳಿಕ 225 ಲೀಟರಿನ ಓಕ್ ಪೀಪಾಯಿಗೆ. ಒಣ ಹವೆಯಲ್ಲಿ ಮರದ ಮೂಲಕ ಆಲ್ಕೋಹಾಲಿಗಿಂತ ನೀರೇ ಹೆಚ್ಚು ಆರುವುದರಿಂದ ವೈನಿನ ಕಡುಪು ಏರುತ್ತದೆ. ಅದನ್ನು ತಡೆಯಲು ನೆಲಕ್ಕೆ ನೀರು ಹಾಕಿ ಕೋಣೆಯ ತೇವ ಉಳಿಸುತ್ತೇವೆ, ಪೀಪಾಯಿಗಳನ್ನು ತಪ್ಪದೆ ತುಂಬುತ್ತಿರುತ್ತೇವೆ. ಹೊಸ ಓಕ್ ನಾವು ಕಡಿಮೆ ಬಳಸುತ್ತೇವೆ. ವರ್ಷವಿಡೀ ದುಡಿದು ತಂದ ಹಣ್ಣಿನ ಮೇಲೆ ವೆನಿಲಾ ವಾಸನೆ ಬಳಿಯಲು ಮನಸ್ಸು ಒಪ್ಪುವುದಿಲ್ಲ.

ಕೊಂಡವರಿಗೆ ನಾನು ಹೇಳುವುದು ಎರಡು ವಿಷಯ. ವೈನ್ ಎಂದರೆ ಸಿಹಿ ಎಂದುಕೊಂಡು ಬಂದವರಿಗೆ ಇದರಲ್ಲಿ ಸಕ್ಕರೆ ಉಳಿದಿಲ್ಲ ಎಂದು ಮೊದಲೇ ತಿಳಿಸುತ್ತೇನೆ. ಇನ್ನೊಂದು, ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಂಪು ಕೋಣೆಗಳದ್ದು. ನಮ್ಮ ಮನೆಗಳ 30 ಡಿಗ್ರಿಯಲ್ಲಿ ಮೂಗಿಗೆ ಬರಿ ಆಲ್ಕೋಹಾಲ್ ಹೊಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟು, 16ರಿಂದ 18 ಡಿಗ್ರಿಗೆ ಇಳಿಸಿ, ಮಟನ್ ಸಾರಿನ ಜೊತೆಗೋ ಖಡಕ್ ರೊಟ್ಟಿ, ಎಣ್ಣೆಗಾಯಿಯ ಜೊತೆಗೋ ಕುಡಿಯಿರಿ; ಖಾರ ಮಾತ್ರ ಸ್ವಲ್ಪ ಕಡಿಮೆ ಇರಲಿ, ಖಾರ ಹೆಚ್ಚಾದರೆ ಒಗರು ಎರಡರಷ್ಟಾಗುತ್ತದೆ.