ಎನ್‌ಇಪಿ ಬಂತು, ಎಸ್‌ಇಪಿ ಬಂತು: ಬಿ.ಕಾಂ. ಪಾಠ ಮಾಡುವುದು ಹೇಗೆ?

ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಕಾಮರ್ಸ್ ಹೇಳಿಕೊಡುವವರು ನಾಲ್ಕೇ ವರ್ಷದೊಳಗೆ ಎರಡು ಸಲ ಸಿಲೆಬಸ್ ಬದಲಾಗಿದ್ದನ್ನು ನೋಡಿದ್ದಾರೆ. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ (ಎನ್‌ಇಪಿ) ಒಪ್ಪಿಗೆ ಕೊಟ್ಟಿತು. ದೇಶದಲ್ಲೇ ಮೊದಲು ಜಾರಿ ಮಾಡಿದ್ದು ನಮ್ಮ ರಾಜ್ಯ, 2021-22ರಿಂದ. ಆಮೇಲೆ ಸರ್ಕಾರ ಬದಲಾಯಿತು, ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ರಾಜ್ಯ ಶಿಕ್ಷಣ ನೀತಿ (ಎಸ್‌ಇಪಿ) ಆಯೋಗ ರಚನೆಯಾಯಿತು, ಅದರ ಮಧ್ಯಂತರ ವರದಿ ಬಂದ ಮೇಲೆ 2024-25ರಿಂದ ಎನ್‌ಇಪಿಯ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ ಪದವಿಯೇ. ಯಾವ ನೀತಿ ಮೇಲು ಅನ್ನುವ ವಾದ ಇಲ್ಲಿ ಬೇಡ. ನಾಳೆ ಕ್ಲಾಸಿಗೆ ಹೋಗಲೇಬೇಕಲ್ವಾ? ಅದಕ್ಕೆ ಬೇಕಾದ್ದನ್ನು ನೋಡೋಣ.

ಮೊದಲು ವಿದ್ಯಾರ್ಥಿ ಯಾವ ವರ್ಷ ಸೇರಿದ್ದು ಅಂತ ಕೇಳಿ. 2021-22ರಿಂದ 2023-24ರವರೆಗೆ ಸೇರಿದವರಿಗೆ ಎನ್‌ಇಪಿ ನಿಯಮ. ಅವರು ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಡಬಹುದು, ಇಲ್ಲವೇ ನಾಲ್ಕನೇ ವರ್ಷ ಆನರ್ಸ್ ಮಾಡಬಹುದು. ನಂತರ ಬಂದವರಿಗೆ ಎಸ್‌ಇಪಿ. ಬ್ಯಾಕ್‌ಲಾಗ್ ಇಟ್ಟುಕೊಂಡವರ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ: ಪೇಪರ್ ಹೆಸರು ಒಂದೇ ಇದ್ದರೂ ಯೂನಿಟ್‌ಗಳು ಬೇರೆ ಇರುತ್ತವೆ, ಹೊಸ ನೋಟ್ಸ್ ಓದಿಕೊಂಡು ಹಳೇ ಪೇಪರ್ ಬರೆಯಲು ಹೋದರೆ ಕಷ್ಟ. ಹಳೇ ಸಿಲೆಬಸ್, ಹಳೇ ಪ್ರಶ್ನೆಪತ್ರಿಕೆಗಳನ್ನು ವಿಭಾಗದಲ್ಲಿ ಒಂದು ಫೈಲ್ ಮಾಡಿ ಇಡಿ. ಇನ್ನೊಂದು ವಿಷಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಲೆಕ್ಕದಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್ (ಓದಿನ ಹೊರೆ ಅಳೆಯುವ ಘಟಕ), ನಾಲ್ಕಕ್ಕೆ 160. ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರ ಕೋರ್ಸ್‌ಗೂ ಯುಜಿಸಿ ಅವಕಾಶ ಕೊಟ್ಟಿದೆ. ಎಂ.ಕಾಂ. ಮಾಡುವ ಆಸೆ ಇರುವ ಮಕ್ಕಳಿಗೆ ಇದನ್ನು ಐದನೇ ಸೆಮಿಸ್ಟರ್‌ನಲ್ಲೇ ಹೇಳಿಬಿಡಿ. ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಆನ್‌ಲೈನ್ ಕ್ರೆಡಿಟ್ ಬ್ಯಾಂಕ್ ಖಾತೆಯಲ್ಲಿ ತಮ್ಮ ಕ್ರೆಡಿಟ್‌ಗಳು ಸರಿಯಾಗಿ ಸೇರಿವೆಯಾ ಅಂತ ಅವರೇ ನೋಡಿಕೊಳ್ಳಲಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎನ್‌ಇಪಿಯಲ್ಲಿ ಓಪನ್ ಎಲೆಕ್ಟಿವ್ ಅಂತ ಇತ್ತು, ಬೇರೆ ವಿಭಾಗದ ವಿಷಯವನ್ನೂ ಆರಿಸಿಕೊಳ್ಳುವ ಅವಕಾಶ. ಬಿ.ಎ., ಬಿಎಸ್ಸಿ ಮಕ್ಕಳು ಕಾಮರ್ಸ್ ವಿಭಾಗಕ್ಕೆ ಬಂದು ಅಕೌಂಟಿಂಗ್ ಕಲಿಯುತ್ತಿದ್ದರು. ಡೆಬಿಟ್ ಅಂದರೇನು ಅಂತಲೇ ಗೊತ್ತಿಲ್ಲದವರಿಗೆ ಅಲ್ಲಿ ಪಾಠ ಮಾಡಬೇಕಿತ್ತು. ಆಗ ಮಾಡಿಕೊಂಡ ನೋಟ್ಸ್ ಎಸೆಯಬೇಡಿ. ಈಗ ಮೊದಲ ಸೆಮಿಸ್ಟರ್ ಬಿ.ಕಾಂ.ನಲ್ಲಿ ಅದೇ ಬೇಕು. ಪಿಯುಸಿಯಲ್ಲಿ ಸೈನ್ಸ್ ಅಥವಾ ಆರ್ಟ್ಸ್ ಓದಿ ಬಂದವರು ಅಲ್ಲಿ ಇರುತ್ತಾರೆ, ಕನ್ನಡ ಮಾಧ್ಯಮದವರಂತೂ ತುಂಬಾ ಜನ. ಅವರನ್ನು ಬಿಟ್ಟು ನೇರವಾಗಿ ಫೈನಲ್ ಅಕೌಂಟ್ಸ್‌ಗೆ ಹೋದರೆ ಕಾರ್ಪೊರೇಟ್ ಅಕೌಂಟಿಂಗ್ ಹೊತ್ತಿಗೆ ಅರ್ಧ ಕ್ಲಾಸ್ ಸುಮ್ನೆ ಬೋರ್ಡ್ ನೋಡಿಕೊಂಡು ಬರೆದುಕೊಳ್ಳುತ್ತಾ ಕೂತಿರುತ್ತದೆ.

ಊರಿನ ಲೆಕ್ಕದಿಂದಲೇ ಶುರು ಮಾಡಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತರಿಸಿ, ಗಿರಾಕಿಗಳ ಹೆಸರು ಬದಲಿಸಿ, ಅದರಿಂದಲೇ ಜರ್ನಲ್ (ವ್ಯವಹಾರಗಳನ್ನು ದಿನದ ಕ್ರಮದಲ್ಲಿ ಬರೆಯುವ ಪುಸ್ತಕ) ಬರೆಸಿ, ಲೆಡ್ಜರ್‌ಗೆ (ಒಂದೊಂದು ಖಾತೆಯ ಲೆಕ್ಕ ಬೇರೆ ಬೇರೆ ಇಡುವ ಪುಸ್ತಕ) ಹಾಕಿಸಿ. ಸಾಲ ಕೊಂಡವನು ಯಾಕೆ ಡೆಬಿಟ್ ಆಗುತ್ತಾನೆ ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಅಮ್ಮಂದಿರ ಸ್ವಸಹಾಯ ಸಂಘದ ಪುಸ್ತಕದಲ್ಲಿ ಉಳಿತಾಯ, ಸಾಲ, ಬಡ್ಡಿ ಮೂರೂ ಸಿಗುತ್ತವೆ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವ ಲೆಕ್ಕ ಕಾಸ್ಟಿಂಗ್‌ಗೆ ಒಳ್ಳೆಯ ದಾರಿ: ಹಿಂಡಿ, ಹುಲ್ಲು, ಡಾಕ್ಟರ್ ಖರ್ಚು ಎಲ್ಲ ಸೇರಿಸಿ ಒಂದು ಲೀಟರ್ ಹಾಲಿಗೆ ಎಷ್ಟು ಬೀಳುತ್ತದೆ ಅಂತ ಹಳ್ಳಿ ಮಕ್ಕಳಿಗೆ ಲೆಕ್ಕ ಹಾಕಿಸಿ ನೋಡಿ, ಓವರ್‌ಹೆಡ್ ಅಂದರೇನು ಅಂತ ಆಮೇಲೆ ವ್ಯಾಖ್ಯೆ ಬರೆಸುವ ಕೆಲಸವೇ ಇರುವುದಿಲ್ಲ. ಬ್ಯಾಂಕ್ ರಿಕನ್ಸಿಲಿಯೇಷನ್‌ಗೆ, ಅಂದರೆ ನಮ್ಮ ಪುಸ್ತಕವನ್ನು ಬ್ಯಾಂಕ್ ಲೆಕ್ಕಕ್ಕೆ ತಾಳೆ ಹಾಕುವುದಕ್ಕೆ, ಚೆಕ್ ಉದಾಹರಣೆ ಜೊತೆಗೆ ಯುಪಿಐ ಜಮೆಯನ್ನೂ ಸೇರಿಸಿ. ಕ್ಲಾಸಿನಲ್ಲಿ ಕನ್ನಡದಲ್ಲೇ ವಿವರಿಸಿ, ಆದರೆ ಡೆಬಿಟ್, ಲೆಡ್ಜರ್, ಡಿಪ್ರಿಸಿಯೇಷನ್ ಇಂಥ ಪದಗಳನ್ನು ಹಾಗೇ ಬಿಡಿ, ಟ್ಯಾಲಿ ಎಂಬ ಅಕೌಂಟಿಂಗ್ ಸಾಫ್ಟ್‌ವೇರ್ ತೆರೆದಾಗ ಅವೇ ಎದುರಾಗುತ್ತವೆ.

ಇಂಟರ್ನಲ್ ಅಂಕಕ್ಕೆ ಇದನ್ನೇ ಅಸೈನ್‌ಮೆಂಟ್ ಮಾಡಿ. ನಾಲ್ಕು ಪುಟ ನಕಲು ಮಾಡಿ ತಂದು ಕೊಡುವ ರೆಕಾರ್ಡ್‌ನಿಂದ ಯಾರಿಗೂ ಉಪಯೋಗವಿಲ್ಲ. ಒಬ್ಬೊಬ್ಬರದ್ದು ಒಂದೊಂದು ಅಂಗಡಿ ಆದರೆ ನಕಲು ಮಾಡಲು ಆಗುವುದೂ ಇಲ್ಲ.

ಕೊನೆಗೆ ತೆರಿಗೆ ಪೇಪರ್. ಇಲ್ಲಿ ನೀತಿಗಿಂತ ಕಾನೂನೇ ಮುಂದೆ ಓಡುತ್ತಿದೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ, 2026ರ ಏಪ್ರಿಲ್ 1ರಿಂದ ಜಾರಿ. ಪ್ರೀವಿಯಸ್ ಇಯರ್ (ಆದಾಯ ಬಂದ ವರ್ಷ), ಅಸೆಸ್‌ಮೆಂಟ್ ಇಯರ್ (ಅದಕ್ಕೆ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ) ಹೋಗಿ ಟ್ಯಾಕ್ಸ್ ಇಯರ್ ಬಂತು. ಸೆಕ್ಷನ್ ನಂಬರ್‌ಗಳೂ ಬೇರೆ. ಆದರೆ 2025-26ರ ಆದಾಯಕ್ಕೆ ಹಳೇ ಕಾಯ್ದೆಯೇ ಅನ್ವಯ. ಹಾಗಾಗಿ ಪರೀಕ್ಷೆಗೆ ಯಾವ ಕಾಯ್ದೆ ಅಂತ ಸಿಲೆಬಸ್ ನಿರ್ಧರಿಸುವ ನಿಮ್ಮ ಬೋರ್ಡ್ ಆಫ್ ಸ್ಟಡೀಸ್‌ನಿಂದ ಸೆಮಿಸ್ಟರ್ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ, ಹಳೇ ಮತ್ತು ಹೊಸ ಸೆಕ್ಷನ್‌ಗಳನ್ನು ಎದುರುಬದುರು ಬರೆದ ಒಂದು ಹಾಳೆ ಮಾಡಿ ಮಕ್ಕಳಿಗೆ ಹಂಚಿ.