ಕೋಳಿಗೂಡಿನಲ್ಲಿ ಫೀಡರ್, ಡ್ರಿಂಕರ್ ತೂಗುಹಾಕುವುದು ಹೇಗೆ?

ಫೀಡರ್ (ಕೊಳವೆಯಿಂದ ಕೆಳಗಿನ ತಟ್ಟೆಗೆ ಆಹಾರ ಇಳಿಯುವ ಡಬ್ಬಿ) ನೆಲಕ್ಕೆ ತಾಗುವಂತೆ ನೇತಾಡುತ್ತಿದ್ದರೆ ಕೋಳಿ ತಿನ್ನುವುದಕ್ಕಿಂತ ಕೆದಕಿ ಚೆಲ್ಲುವುದೇ ಹೆಚ್ಚು. ಮೊಟ್ಟೆಕೋಳಿಯೊಂದಕ್ಕೆ ದಿನಕ್ಕೆ ಬೇಕಾಗುವುದು 110ರಿಂದ 120 ಗ್ರಾಂ ಆಹಾರ, ಅದರ ಸುಮಾರು ಎರಡರಷ್ಟು ನೀರು. ಇದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತಿದ್ದರೆ ಮೊದಲು ತೂಗುಹಾಕಿದ ಎತ್ತರ ನೋಡಿ.

ಜಾಗ: ಕೋಳಿ ಕೂರುವ ಗಳದ ಕೆಳಗೆ ಬೇಡ, ಹಿಕ್ಕೆ ಬೀಳುತ್ತದೆ. ಗೋಡೆಯಿಂದ ಎರಡಡಿ ದೂರವಿರಲಿ. ಇರಚಲು ಹೊಡೆಯುವ ಜಾಲರಿಯ ಬದಿಯಂತೂ ಬೇಡವೇ ಬೇಡ.

ಕಟ್ಟುವುದು: ಮಾಡಿನ ಪಕಾಸಿಗೆ ದಪ್ಪ ಜಿಐ (ಸತು ಲೇಪಿತ ಕಬ್ಬಿಣದ) ತಂತಿ ಸುತ್ತಿ, ಅದಕ್ಕೆ ಸಣ್ಣ ಸರಪಳಿ, ತುದಿಗೆ ಎಸ್ ಕೊಕ್ಕೆ. ಮೊಳೆಯನ್ನು ನಂಬಬೇಡಿ, 10 ಕಿಲೋ ತುಂಬಿದ ಫೀಡರಿಗೆ ಕೋಳಿಗಳು ಗುದ್ದಿ ಗುದ್ದಿ ಅದು ಸಡಿಲವಾಗುತ್ತದೆ. ನೈಲಾನ್ ಹಗ್ಗವನ್ನು ಇಲಿ ಕಡಿಯುತ್ತದೆ. ಸರಪಳಿಯಾದರೆ ಒಂದೊಂದೇ ಕಣ್ಣಿ ಮೇಲೇರಿಸಬಹುದು.

ಎತ್ತರ: ಎಲ್ಲರೂ ಎಡವುವುದು ಇಲ್ಲೇ. ಫೀಡರ್ ತಟ್ಟೆಯ ಅಂಚು ನಿಂತ ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು. ಡ್ರಿಂಕರ್ ಅಂಚು ಅದಕ್ಕಿಂತ ಒಂದಿಂಚು ಮೇಲೆ. ಗೂಡಿನಲ್ಲಿ ದೊಡ್ಡ ಗಾತ್ರದ ಗಿರಿರಾಜ ತಳಿಯೂ ನಾಟಿಯೂ ಬೆರೆತಿದ್ದರೆ ಚಿಕ್ಕ ಕೋಳಿಯ ಬೆನ್ನನ್ನೇ ಲೆಕ್ಕಕ್ಕೆ ಹಿಡಿಯಿರಿ, ಇಲ್ಲದಿದ್ದರೆ ಅದಕ್ಕೆ ಎಟುಕುವುದಿಲ್ಲ. ಒಮ್ಮೆ ಸರಿ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್‌ನ ತಿಂಗಳು) ಮಳೆಯಲ್ಲಿ ನೆಲ ಒದ್ದೆಯಾದಂತೆಲ್ಲ ಮೇಲೆ ಭತ್ತದ ಹೊಟ್ಟು ಸುರಿಯುತ್ತಾ ಹೋಗುತ್ತೀರಿ. ಹೊಟ್ಟು ಮೂರಿಂಚು ಏರಿದರೆ ಫೀಡರ್ ಮೂರಿಂಚು ತಗ್ಗಿದಂತೆಯೇ. ಬೆಳೆಯುವ ಮರಿಗಳಿದ್ದರಂತೂ ವಾರಕ್ಕೊಮ್ಮೆ ನೋಡಲೇಬೇಕು.

ಡ್ರಿಂಕರ್: ಡಬ್ಬಿ ಮಗುಚಿದ ಮಾದರಿಯಲ್ಲಿ ನೀರು ನಿಲ್ಲುವುದು ಒಳಗೆ ಗಾಳಿ ನುಗ್ಗದಿರುವುದರಿಂದ. ತಟ್ಟೆ ವಾಲಿದರೆ ತಗ್ಗಿನ ಬದಿಯಿಂದ ನೀರು ಹೊರಚೆಲ್ಲುತ್ತದೆ. ಡಬ್ಬಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪೂರ್ತಿ ಖಾಲಿಯಾಗುತ್ತದೆ. ನೀರು ತುಂಬಿ ತೂಗುಹಾಕಿ, ತಟ್ಟೆಯ ಸುತ್ತ ನೀರು ಸಮನಾಗಿದೆಯೇ ನೋಡಿ. ವಾಲುತ್ತಿದ್ದರೆ ಹಿಡಿಕೆಯಲ್ಲಿ ಕೊಕ್ಕೆ ಸಿಕ್ಕಿಸಿದ ಜಾಗ ಸರಿಸಿ. ತೂಗಾಟ ಜೋರಾದರೆ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಕೂರಿಸಿಬಿಡಿ; ಹತ್ತು ಕೋಳಿಯ ಗೂಡಿಗೆ ಇಟ್ಟಿಗೆಯೇ ವಾಸಿ. ಡ್ರಿಂಕರ್ ಕೆಳಗಿನ ಹೊಟ್ಟು ಸದಾ ಒದ್ದೆಯಿದ್ದರೆ ಅಮೋನಿಯಾ ವಾಸನೆ, ಹಿಂದೆಯೇ ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್.

ಡ್ರಿಂಕರ್ ಬದಲು ನಿಪ್ಪಲ್ (ಕೊಕ್ಕಿನಿಂದ ಒತ್ತಿದರೆ ನೀರು ಬರುವ ಸಣ್ಣ ನಳಿಕೆ) ಹಾಕುವವರು ಅಗ್ಗದ್ದನ್ನು ಕೊಳ್ಳಬೇಡಿ, ಹನಿಯುತ್ತಲೇ ಇರುತ್ತವೆ. ತೋಡಿನ (ಸಣ್ಣ ಹಳ್ಳದ) ನೀರು ಬಿಡುವುದಾದರೆ ಫಿಲ್ಟರ್ ಬೇಕೇ ಬೇಕು. ಮಳೆಗಾಲದ ಕೆಂಪು ಮಣ್ಣಿನಿಂದ ನಿಪ್ಪಲ್ ಕಟ್ಟಿಕೊಳ್ಳುತ್ತದೆ.

ಎಷ್ಟು ಬೇಕು: 40 ಸೆಂ.ಮೀ. ವ್ಯಾಸದ ತಟ್ಟೆಯ ಸುತ್ತಳತೆ ಸುಮಾರು 125 ಸೆಂ.ಮೀ. ಕೋಳಿಗೆ 5 ಸೆಂ.ಮೀ. ಅಂದರೂ 25 ಕೋಳಿ ತಿನ್ನಬಹುದು. ಆದರೆ 20 ದಾಟಿದ ಮೇಲೆ ಇನ್ನೊಂದು ತೂಗುಹಾಕಿ, ಬಲಿಷ್ಠ ಕೋಳಿಗಳು ಉಳಿದವನ್ನು ಹತ್ತಿರ ಬಿಡುವುದಿಲ್ಲ. ಫೀಡರಿಗೂ ಡ್ರಿಂಕರಿಗೂ ಮೂರಡಿ ಅಂತರವಿರಲಿ, ಕೊಕ್ಕಿಗೆ ಅಂಟಿದ ಆಹಾರ ನೀರಿಗೆ ಬೀಳುವುದು ಕಡಿಮೆಯಾಗುತ್ತದೆ.

ತುಂಬುವುದು: ತಟ್ಟೆಯಲ್ಲಿ ಆಹಾರ ಮೂರನೇ ಒಂದು ಭಾಗಕ್ಕಿಂತ ಮೇಲೇರದಂತೆ ಕೊಳವೆಯನ್ನು ಹೊಂದಿಸಿ. ಕೊಡಗಿನ ಭಾಗಮಂಡಲದ ಕಡೆಯ ಜೋರು ಮಳೆಯಲ್ಲಿ ಒಂದು ದಿನಕ್ಕಾಗುವಷ್ಟೇ ಹಾಕಿ, ಮೇಲೆ ಮುಚ್ಚಳ ಹಾಕಿ. ಗಂಟು ಕಟ್ಟಿದ, ಬೂಷ್ಟು ಹಿಡಿದ ಆಹಾರವನ್ನು ಒಣಗಿಸಿ ಮತ್ತೆ ಕೊಡಬೇಡಿ. ಬೂಷ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ.